ತೆಳ್ಳಗಿದ್ದವರಿಗೂ ಸಕ್ಕರೆ ಕಾಯಿಲೆ ಏಕೆ? ಮೈಯ ಅಳತೆ ಮತ್ತು ಇನ್ಸುಲಿನ್ ಮೂಲಧನ



ಕಳೆದ ಪಾಠದಲ್ಲಿ ರಕ್ತಹೀನತೆಯ ಬಗ್ಗೆ ಮಾತಾಡಿದೆವು. ಈ ಸಲ ಸಕ್ಕರೆ ಕಾಯಿಲೆಯ ಬಗ್ಗೆ ತಿಳಿದುಕೊಳ್ಳೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ತಾಲೂಕಿನ ಸಂಘದಲ್ಲಿ ಕೂತರೂ ನಮಗೆ ಕೇಳಿಬರುವ ಮಾತು ಒಂದೇ: "ಸಿಸ್ಟರ್, ಸಕ್ಕರಿ ಬ್ಯಾನಿ ದಪ್ಪ ಇದ್ದವರಿಗೆ ಬರ್ತದ, ಕುಂತು ಉಣ್ಣೋರಿಗೆ ಬರ್ತದ. ನಾವು ದಿನಾ ದುಡಿಯೋರು, ಮೈಯಾಗ ಮಾಂಸಾನೇ ಇಲ್ಲ, ನಮಗ್ಯಾಕ ಬರ್ತದ್ರಿ?"

ಈ ಮಾತನ್ನು ಒಂದು ಕಾಲಕ್ಕೆ ನಾವೂ ನಂಬಿದ್ದೆವು. ಅದರಿಂದ ಆದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನೇಕಾರರ ಓಣಿಯೊಂದರಲ್ಲಿ ರಕ್ತ ಪರೀಕ್ಷೆ ಇಟ್ಟುಕೊಂಡಿದ್ದೆವು. ಬಂದ ಹೆಣ್ಣುಮಕ್ಕಳು ಹೆಚ್ಚು, ಪರೀಕ್ಷೆಯ ಪಟ್ಟಿಗಳು ಕಡಿಮೆ. "ಮೊದಲು ದಪ್ಪ ಇದ್ದವರು ಬರ್ರಿ" ಎಂದು ಕರೆದೆವು. ಕಂಡಿಕೆ ಸುತ್ತುವ ಒಬ್ಬ ಅಕ್ಕ, ತೂಕ ಇದ್ದರೆ ನಲವತ್ತು ಕಿಲೋ, ಮುಂದೆ ಬಂದು "ನಂದೂ ಒಮ್ಮೆ ನೋಡ್ರಿ, ನೀರಡಿಕಿ ಭಾಳ ಆಗ್ತದ" ಅಂದಳು. ನಾವು ನಕ್ಕೆವು. "ನಿನಗ್ಯಾಕವ್ವಾ, ನೀ ಗಾಳಿಗೆ ಹಾರಿ ಹೋಗೂಹಂಗ ಇದ್ದಿ" ಅಂದೆವು. ಅವಳೂ ನಕ್ಕು ಮನೆಗೆ ಹೋದಳು. ಮರುವರ್ಷ ಅವಳ ಕಾಲಿಗೆ ಆದ ಸಣ್ಣ ಗಾಯ ಮಾಯಲೇ ಇಲ್ಲ. ಆಸ್ಪತ್ರೆಗೆ ಹೋದಾಗ ಸಕ್ಕರೆ ಮುನ್ನೂರು ದಾಟಿತ್ತು. ಎರಡು ಬೆರಳು ತೆಗೆಯಬೇಕಾಯಿತು.

ಅವಳು ಕೇಳಿದ್ದಳು, ನಾವು ನೋಡಲಿಲ್ಲ. ತಪ್ಪು ನಮ್ಮದು. ಅದು ಇನ್ನೊಮ್ಮೆ ಯಾರಿಗೂ ಆಗಬಾರದು ಎಂದೇ ಈ ಪಾಠ. ಓದಲು ಬರುವವರು ಉಳಿದವರಿಗೆ ಓದಿ ಹೇಳಿರಿ.

1. ಹೊಟ್ಟೆಯೊಳಗಿನ ದ್ವೀಪಗಳು

ನಮ್ಮ ಜಠರದ ಹಿಂದೆ, ಬೆನ್ನಿನ ಕಡೆಗೆ, ಒಂದು ಗೇಣಿಗಿಂತ ಚಿಕ್ಕದಾದ ಒಂದು ಗ್ರಂಥಿ ಅಡ್ಡ ಮಲಗಿದೆ. ಅದರ ಹೆಸರು ಮೇದೋಜೀರಕ ಗ್ರಂಥಿ. ದೊಡ್ಡವರಲ್ಲಿ ಇದರ ತೂಕ ಸುಮಾರು 80ರಿಂದ 100 ಗ್ರಾಂ. ಇದರ ಬಹುಭಾಗ ಅನ್ನ ಜೀರ್ಣವಾಗುವ ರಸವನ್ನು ತಯಾರಿಸುತ್ತದೆ. ಆದರೆ ಅದರ ನಡುನಡುವೆ ಬೇರೆಯೇ ಬಗೆಯ ಜೀವಕೋಶಗಳ ಪುಟ್ಟ ಪುಟ್ಟ ಗುಂಪುಗಳು ಇವೆ. ಕೃಷ್ಣೆಯ ಹಿನ್ನೀರು ಏರಿದಾಗ ಬೀಳಗಿ ಕಡೆಗೆ ದಿಬ್ಬಗಳು ನೀರಿನ ನಡುವೆ ಉಳಿದು ಕಾಣುವುದಿಲ್ಲವೇ, ಹಾಗೆ. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇವುಗಳನ್ನು ಮೊದಲು ಗುರುತಿಸಿದ. ಅದಕ್ಕೇ ಇವುಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳು ಎಂದು ಹೆಸರು.

ಇಂಥ ದ್ವೀಪಗಳು ಒಬ್ಬರ ಮೈಯಲ್ಲಿ ಹತ್ತು ಲಕ್ಷದಷ್ಟು ಅಥವಾ ಅದಕ್ಕೂ ಹೆಚ್ಚು ಇರುತ್ತವೆ. ಆದರೆ ಎಲ್ಲವನ್ನೂ ಕೂಡಿಸಿ ತೂಗಿದರೆ ಒಂದೆರಡು ಗ್ರಾಂ ಮಾತ್ರ. ಅಂದರೆ ಎರಡು ಮೂರು ಶೇಂಗಾ ಕಾಳಿನ ತೂಕ! ಈ ಇಷ್ಟರಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುವುದು. ನಾವು ಉಂಡ ರೊಟ್ಟಿ, ಅನ್ನ ಸಕ್ಕರೆಯಾಗಿ ರಕ್ತ ಸೇರುತ್ತದೆ. ಅದು ರಕ್ತದಿಂದ ಮಾಂಸಖಂಡಗಳೊಳಗೆ ಹೋಗಲು ಬಾಗಿಲು ತೆರೆಯುವುದು ಇನ್ಸುಲಿನ್. ಬಾಗಿಲು ತೆರೆಯದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದೇ ಸಕ್ಕರೆ ಕಾಯಿಲೆ.

2. ದೊಡ್ಡ ಮೈಗೆ ದೊಡ್ಡ ಮೂಲಧನ ಇದೆಯೇ?

ಇದನ್ನು ನಮ್ಮ ಸಂಘದ ಲೆಕ್ಕದಲ್ಲಿ ನೋಡೋಣ. ಒಂದು ಸಂಘದ ಮೂಲಧನ ಹತ್ತು ಸಾವಿರ, ಸದಸ್ಯರು ಕೇಳುವ ಸಾಲ ಎಂಟು ಸಾವಿರ. ಸಂಘ ನಡೆಯುತ್ತದೆ. ಇನ್ನೊಂದು ಸಂಘದ ಮೂಲಧನ ಐದು ಸಾವಿರ, ಕೇಳುವ ಸಾಲ ಆರು ಸಾವಿರ. ಕೇಳಿದ್ದು ಮೊದಲಿನ ಸಂಘಕ್ಕಿಂತ ಕಡಿಮೆ, ಆದರೂ ಈ ಸಂಘ ನಿಲ್ಲುತ್ತದೆ. ಯಾಕೆಂದರೆ ಎರಡನ್ನೂ ಜೊತೆಗೇ ನೋಡಬೇಕು, ಮೂಲಧನ ಎಷ್ಟು, ಬೇಡಿಕೆ ಎಷ್ಟು.

ಬೀಟಾ ಕೋಶಗಳು ಮೈಯ ಮೂಲಧನ. ಮೈಯಲ್ಲಿ ಕೊಬ್ಬು ಹೆಚ್ಚಾದಷ್ಟೂ ಇನ್ಸುಲಿನ್‌ನ ಕೆಲಸ ಮಂದವಾಗುತ್ತದೆ, ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಅದು ಬೇಡಿಕೆ.

ಸಾಮಾನ್ಯವಾಗಿ ಎತ್ತರ, ಗಾತ್ರ ದೊಡ್ಡದಿದ್ದವರ ಮೇದೋಜೀರಕ ಗ್ರಂಥಿಯೂ ದೊಡ್ಡದು, ದ್ವೀಪಗಳ ಒಟ್ಟು ತೂಕವೂ ಹೆಚ್ಚು. 2003ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತೀರಿಕೊಂಡ 124 ಜನರ ಮೇದೋಜೀರಕ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆದರು. ಸಕ್ಕರೆ ಕಾಯಿಲೆ ಇಲ್ಲದ ದಪ್ಪ ಜನರಲ್ಲಿ ಬೀಟಾ ಕೋಶಗಳ ಪಾಲು ತೆಳ್ಳಗಿನವರಿಗಿಂತ ಅರ್ಧದಷ್ಟು ಹೆಚ್ಚಿತ್ತು. ಅಂದರೆ ಬೇಡಿಕೆ ಏರಿದಂತೆ ಅವರ ಮೈ ಮೂಲಧನವನ್ನೂ ಏರಿಸಿಕೊಂಡಿತ್ತು. ಸಕ್ಕರೆ ಕಾಯಿಲೆ ಬಂದ ದಪ್ಪ ಜನರಲ್ಲಿ ಅದು ನೂರಕ್ಕೆ 63ರಷ್ಟು ಕಡಿಮೆಯಾಗಿತ್ತು. ಕಾಯಿಲೆ ಬಂದ ತೆಳ್ಳಗಿನವರಲ್ಲಿಯೂ ನೂರಕ್ಕೆ 41ರಷ್ಟು ಕಡಿಮೆಯಾಗಿತ್ತು.

ಆದರೆ ಎಲ್ಲ ದೇಶದವರ ಮೈ ಹೀಗೆ ಮೂಲಧನ ಏರಿಸಿಕೊಳ್ಳುವುದಿಲ್ಲ. 2013ರಲ್ಲಿ ಜಪಾನಿನಲ್ಲಿ ಇದೇ ರೀತಿ ನೋಡಿದಾಗ ದಪ್ಪಗಾದವರಲ್ಲಿ ಬೀಟಾ ಕೋಶಗಳು ಹೆಚ್ಚಿರಲಿಲ್ಲ.

ಹಾಗಾದರೆ ಮೂಲಧನ ಕೂಡುವುದು ಯಾವಾಗ? ತಾಯಿಯ ಹೊಟ್ಟೆಯಲ್ಲಿ ಮತ್ತು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ. ಬೀಟಾ ಕೋಶಗಳು ಒಂದು ಎರಡಾಗಿ ಬೆಳೆಯುವುದು ಆ ದಿನಗಳಲ್ಲೇ ಹೆಚ್ಚು. ಮುಂದೆ ಆ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಹೀಗಾಗಿ ಸಕ್ಕರೆ ಕಾಯಿಲೆಯ ಕಥೆ ನಲವತ್ತನೇ ವಯಸ್ಸಿಗಲ್ಲ, ಬಸುರಿಯ ತಾಟಿನಿಂದ ಆರಂಭವಾಗುತ್ತದೆ.

3. ಮೈಸೂರಿನ ಹಳೆಯ ರಿಜಿಸ್ಟರುಗಳು

ಇದಕ್ಕೆ ನಮ್ಮ ಕರ್ನಾಟಕದ್ದೇ ಸಾಕ್ಷಿ ಇದೆ. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಇದೆ. ಅಲ್ಲಿಯ ದಾದಿಯರು 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಅರವತ್ತು ವರ್ಷದ ನಂತರ ಆ ಪುಸ್ತಕಗಳು ಇಡೀ ಜಗತ್ತಿಗೆ ಪಾಠ ಹೇಳುತ್ತವೆ ಎಂದು ಬರೆದವರಿಗೆ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ಆಸ್ಪತ್ರೆಯಲ್ಲಿ ಹುಟ್ಟಿ ಅಲ್ಲಿಯೇ ಸುತ್ತಮುತ್ತ ಬಾಳುತ್ತಿದ್ದ ಐನೂರಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಹುಡುಕಿ, ಸಕ್ಕರೆ ಪರೀಕ್ಷೆ ಮಾಡಿದರು.

1998ರಲ್ಲಿ ಪ್ರಕಟವಾದ ಅವರ ವರದಿ ಎರಡು ವಿಷಯ ಹೇಳಿತು. ಹುಟ್ಟುವಾಗ ತೂಕ ಕಡಿಮೆ ಇದ್ದವರ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆದರೆ ಸಕ್ಕರೆ ಕಾಯಿಲೆ ಹೆಚ್ಚು ಕಂಡದ್ದು ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ. ಅವರ ತಾಯಂದಿರು ಉಳಿದವರಿಗಿಂತ ತೂಕದವರಾಗಿದ್ದರು. ಅಂಥವರಲ್ಲಿ ಇನ್ಸುಲಿನ್ ಹೊರಬರುವುದೇ ಕಡಿಮೆಯಾಗಿತ್ತು. ಅಂದರೆ ತಾಯಿಗೆ ಅನ್ನ ಸಾಲದಿದ್ದರೂ ಕೂಸಿಗೆ ಕಷ್ಟ, ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೂ ಕೂಸಿಗೆ ಕಷ್ಟ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರರಲ್ಲಿ ಆರು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಐದು ವರ್ಷದ ನಂತರ ನೋಡಿದರೆ ಆ ತಾಯಂದಿರಲ್ಲಿ ನೂರಕ್ಕೆ 37 ಮಂದಿಗೆ ಕಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಬಸುರಿನಲ್ಲಿ ಸಕ್ಕರೆ ಇಲ್ಲದವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ. ಆ ತಾಯಂದಿರ ಐದು ವರ್ಷದ ಹೆಣ್ಣುಮಕ್ಕಳ ಮೈಯಲ್ಲಿಯೂ ಕೊಬ್ಬಿನ ಅಂಶ ಹೆಚ್ಚಾಗಿತ್ತು. "ಹಡೆದ ಮ್ಯಾಲ ಸಕ್ಕರಿ ಹೋತು" ಎಂದು ಸುಮ್ಮನಿರುವ ಅಕ್ಕಂದಿರು ಈ ಲೆಕ್ಕವನ್ನು ನೆನಪಿಡಬೇಕು.

4. ತೆಳ್ಳಗೆ ಕಾಣುವ ಮೈಯೊಳಗಿನ ಕೊಬ್ಬು

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 1993ರಿಂದ ಪುಣೆ ಸಮೀಪದ ಆರು ಹಳ್ಳಿಗಳ ತಾಯಿ-ಮಕ್ಕಳನ್ನು ನೋಡುತ್ತ ಬಂದರು. ಅಲ್ಲಿಯ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದ್ದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಬಹಳ ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು.

2004ರಲ್ಲಿ ಡಾ. ಯಾಜ್ಞಿಕ್ ತಮ್ಮದೇ ಚಿತ್ರವನ್ನು ಲಂಡನ್ನಿನ ಗೆಳೆಯ ಡಾ. ಯುಡ್‌ಕಿನ್ ಅವರ ಜೊತೆಗೆ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದ್ದೂ 22.3. ಆದರೆ ಲಂಡನ್ನಿನವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಪುಣೆಯವರ ಮೈಯಲ್ಲಿ 21.2! ತಕ್ಕಡಿ ಇಬ್ಬರಿಗೂ ಒಂದೇ ಮಾತು ಹೇಳಿತು. ಆದರೆ ಮೈ ಒಂದೇ ಆಗಿರಲಿಲ್ಲ.

ಈಗ ನಮ್ಮ ಸುತ್ತಲೂ ನೋಡಿರಿ. ಸಣ್ಣವಳಿದ್ದಾಗ ಬರಗಾಲ ಕಂಡವಳು, ಮನೆಯಲ್ಲಿ ಕೊನೆಗೆ ಉಂಡವಳು, ಹದಿನೆಂಟು ತುಂಬುವ ಮೊದಲೇ ಬಸುರಾದವಳು. ಮೂಲಧನ ಮೊದಲೇ ಕಡಿಮೆ. ನಲವತ್ತು ದಾಟಿದ ಮೇಲೆ ಮಗ್ಗದ ಮುಂದೆ ಕೂತ ಕೆಲಸ, ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಚಹಾ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಇವಳಿಗೆ ಹತ್ತು ಕಿಲೋ ದಪ್ಪಾಗುವುದು ಬೇಕಿಲ್ಲ. ಮೂರು ನಾಲ್ಕು ಕಿಲೋ ಹೊಟ್ಟೆಗೆ ಬಂದರೂ ಬೇಡಿಕೆ ಮೂಲಧನವನ್ನು ಮೀರಬಹುದು.

ಇನ್ನು ಹೊಟ್ಟೆಯೂ ಇಲ್ಲದೆ ಪೂರ್ತಿ ಬಡಕಲಾಗಿದ್ದವರಿಗೂ ಸಕ್ಕರೆ ಬರುತ್ತದೆ. 2022ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ವೈದ್ಯರೊಂದಿಗೆ ಸೇರಿ ಇಂಥವರನ್ನು ಪರೀಕ್ಷಿಸಿ, ಇವರ ಮೈಯಲ್ಲಿ ಇನ್ಸುಲಿನ್ ತಯಾರಿಕೆಯೇ ಕಡಿಮೆ ಎಂದು ತೋರಿಸಿದರು. 2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಅಪೌಷ್ಟಿಕತೆಗೆ ಸಂಬಂಧಿಸಿದ ಈ ಕಾಯಿಲೆಯನ್ನು ಮಧುಮೇಹದ ಐದನೇ ವಿಧ ಎಂದು ಗುರುತಿಸಿತು. ನಮ್ಮ ಆ ಅಕ್ಕನ ನೀರಡಿಕೆಯನ್ನು ನೋಡಿ ನಕ್ಕ ನಮಗೆ ಇದನ್ನು ಓದಿದಾಗ ಮನಸ್ಸು ಭಾರವಾಯಿತು.

5. ದಾರ ಹಿಡಿದು ಅಳೆಯೋಣ

ಒಳಗಿನ ದ್ವೀಪಗಳನ್ನು ಸಂಘದಲ್ಲಿ ಕೂತು ಅಳೆಯಲು ಬರುವುದಿಲ್ಲ. ಬೇಡಿಕೆಯ ಕಡೆಯನ್ನು ಅಳೆಯಬಹುದು. ನೂಲಿಗೆ ನಮ್ಮಲ್ಲಿ ಕೊರತೆ ಇಲ್ಲ, ಒಂದು ಗಟ್ಟಿ ದಾರ ತೆಗೆದುಕೊಳ್ಳಿರಿ.

ದಾರದ ಅಳತೆ: ಗೋಡೆಗೆ ಬೆನ್ನು ಹಚ್ಚಿ ನಿಂತು ನೆತ್ತಿಯಿಂದ ಹಿಮ್ಮಡಿವರೆಗೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿರಿ. ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಸೀರೆಯ ನಿರಿಗೆ ಸಡಿಲಿಸಿ, ಉಸಿರು ಬಿಟ್ಟು ಸುತ್ತಿರಿ. ದಾರದ ಎರಡು ತುದಿ ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಾಯಿತು ಎಂದು ಅರ್ಥ.

ಟೇಪಿನ ಅಳತೆ: ನಮ್ಮ ದೇಶದ ಹೆಣ್ಣುಮಕ್ಕಳಿಗೆ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು, ಗಂಡಸರಿಗೆ 90 ಮೀರಬಾರದು.

ತಕ್ಕಡಿಯ ಅಳತೆ: ಎತ್ತರ 145 ಸೆಂ.ಮೀ. ಇದ್ದವರು 39ರಿಂದ 48 ಕಿಲೋ, 150 ಇದ್ದವರು 42ರಿಂದ 51 ಕಿಲೋ, 155 ಇದ್ದವರು 45ರಿಂದ 55 ಕಿಲೋ ಒಳಗೆ ಇರಬೇಕು. ಕೆಳಗಿನ ಅಂಕಿಗಿಂತ ಕಡಿಮೆ ಇದ್ದರೂ ಅದು ಎಚ್ಚರಿಕೆಯೇ.

ಬಸುರಿಯರಿಗೆ ಈ ಮೂರು ಅಳತೆಗಳು ಅನ್ವಯಿಸುವುದಿಲ್ಲ. ಮತ್ತೊಂದು ಮಾತು. ಅಳತೆ ಸರಿ ಬಂದರೆ ಸಕ್ಕರೆ ಇಲ್ಲ ಎಂದಲ್ಲ. ಅಳತೆಯಿಂದ ಬೇಡಿಕೆ ಗೊತ್ತಾಗುತ್ತದೆ, ಮೂಲಧನ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆಯೇ ಕೊನೆಯ ಮಾತು.

6. ಯಾರು, ಯಾವಾಗ ಪರೀಕ್ಷೆ ಮಾಡಿಸಬೇಕು?

• ಮೂವತ್ತು ವರ್ಷ ದಾಟಿದ ಎಲ್ಲರೂ, ದಪ್ಪ ಇರಲಿ ತೆಳ್ಳಗಿರಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ನಮೂನೆ ತುಂಬುತ್ತಾರೆ, ಹೊಟ್ಟೆಯ ಅಳತೆಗೂ ಅದರಲ್ಲಿ ಅಂಕ ಇದೆ. ಅಂಕ ಕಡಿಮೆ ಬಂತೆಂದು ಮನೆಯಲ್ಲಿ ಕೂಡಬೇಡಿರಿ. ಅಂಕ ಇರುವುದು ಯಾರಿಗೆ ಮೊದಲು ಎಂದು ತಿಳಿಯಲು, ಯಾರಿಗೆ ಬೇಡ ಎಂದು ಹೇಳಲು ಅಲ್ಲ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿರಿ.

• ನೀರಡಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು, ಮಾಯದ ಗಾಯ, ಕೆಳಗೆ ತುರಿಕೆ, ಕಣ್ಣು ಮಂಜು. ಇವುಗಳಲ್ಲಿ ಯಾವುದಿದ್ದರೂ ವಯಸ್ಸು ನೋಡದೆ ತಕ್ಷಣ ಹೋಗಿರಿ.

• ಬಸುರಿಯರು ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಬಸುರಿನ ಸಕ್ಕರೆ ಇದೆ ಎಂದು ಲೆಕ್ಕ. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ಬಿಡಬಾರದು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಅಂಚಿನಲ್ಲಿದ್ದೀರಿ. 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ಕಾಯಿಲೆ ಎಂದು ಹೇಳುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಕಾಯಿಲೆ ಇದೆ, 13.6 ಕೋಟಿ ಜನ ಅಂಚಿನಲ್ಲಿದ್ದಾರೆ.

7. ಮೂಲಧನ ಉಳಿಸುವ ದಾರಿ

ಅಂಚಿನಲ್ಲಿದ್ದವರು ಹೆದರಬೇಕಾಗಿಲ್ಲ. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ, ಊಟದಲ್ಲಿ ಹಿಡಿತ ಮತ್ತು ದಿನಾ ನಡಿಗೆ ಇಟ್ಟುಕೊಂಡವರಲ್ಲಿ ಕಾಯಿಲೆಗೆ ತಿರುಗುವ ಅಪಾಯ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಔಷಧವಿಲ್ಲದೆ!

ಹೊಟ್ಟೆ ಇದ್ದವರು ಹೊಟ್ಟೆ ಇಳಿಸಬೇಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. "ಮನಿ ಕೆಲಸ ಮಾಡ್ತೇವಲ್ರಿ" ಎಂದರೆ ಸಾಲದು, ಉಸಿರು ಸ್ವಲ್ಪ ಏರಬೇಕು. ಬಡಕಲಾಗಿದ್ದವರು ಉಪವಾಸ ಮಾಡಬಾರದು. ಅವರಿಗೆ ಬೇಕಾದದ್ದು ಮಾಂಸಖಂಡ. ಜೋಳದ ರೊಟ್ಟಿಯ ಜೊತೆ ಮಡಕಿಕಾಳು, ಹೆಸರುಕಾಳು, ಮೊಟ್ಟೆ, ಮೊಸರು, ಪುಂಡಿಪಲ್ಯ, ಮೆಂತ್ಯಪಲ್ಯ ಇರಲಿ. ರೊಟ್ಟಿ ಒಂದು ಕಡಿಮೆಯಾಗಲಿ, ಪಲ್ಯ ಒಂದು ಹಿಡಿ ಹೆಚ್ಚಾಗಲಿ.

ನಮ್ಮ ಕಡೆ ಕಬ್ಬು ಬೆಳೆಯುವ ನಾಡು. ಮುಧೋಳ, ಮಹಾಲಿಂಗಪುರದ ಕಡೆ ಗಾಣದ ಮನೆಯವರೇ ಸಂಘದಲ್ಲಿದ್ದಾರೆ. "ಬೆಲ್ಲ ತಿಂದ್ರ ಏನೂ ಆಗಂಗಿಲ್ಲ" ಎಂಬ ಮಾತು ತಪ್ಪು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ.

ಕಾಯಿಲೆ ಬಂದವರು ಗುಳಿಗೆ ಬಿಡಬಾರದು. ತೆಳ್ಳಗಿದ್ದವರಿಗೆ ವೈದ್ಯರು ಇನ್ಸುಲಿನ್ ಸೂಜಿ ಹೇಳಿದರೆ "ಸೂಜಿ ಅಂದ್ರ ಕಡೀ ದಿನ" ಎಂದು ಅಳಬಾರದು. ಮೂಲಧನ ಕಡಿಮೆ ಇದ್ದ ಸಂಘಕ್ಕೆ ಬ್ಯಾಂಕಿನಿಂದ ಹಣ ಬಂದಂತೆ ಅದು.

ಎಲ್ಲಕ್ಕಿಂತ ದೊಡ್ಡ ಕೆಲಸ ಮುಂದಿನ ಪೀಳಿಗೆಯದು. ಹೆಣ್ಣುಮಗಳಿಗೆ ಹದಿನೆಂಟಕ್ಕೆ ಮೊದಲು ಮದುವೆ ಬೇಡ. ಬಸುರಿ ಸೊಸೆ ಕೊನೆಗೆ ಉಣ್ಣುವುದು ಬೇಡ. ಕೂಸಿಗೆ ಆರು ತಿಂಗಳು ಎದೆಹಾಲು ಮಾತ್ರ. ಹುಟ್ಟಿದ ತೂಕ ತಾಯಿ ಕಾರ್ಡಿನಲ್ಲಿ ಬರೆಸಿ ಜೋಪಾನವಾಗಿ ಇಡಿರಿ. ಮೈಸೂರಿನ ದಾದಿಯರು ಬರೆದಿಟ್ಟದ್ದು ಅರವತ್ತು ವರ್ಷಕ್ಕೆ ಉಪಯೋಗಕ್ಕೆ ಬಂತು. ನಿಮ್ಮ ಮಗಳ ಕಾರ್ಡು ಅವಳ ನಲವತ್ತನೇ ವಯಸ್ಸಿಗೆ ಉಪಯೋಗಕ್ಕೆ ಬರಬಹುದು.

ಸಂಘದಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ ಈವರೆಗೆ ಸಕ್ಕರೆ ಪರೀಕ್ಷೆ ಮಾಡಿಸದವರು ಎಷ್ಟು ಮಂದಿ? ಯಾಕೆ ಮಾಡಿಸಲಿಲ್ಲ?
2. ದಾರದ ಅಳತೆಯಲ್ಲಿ ಎಷ್ಟು ಮಂದಿಯ ದಾರ ಕೂಡಲಿಲ್ಲ? ದಾರ ಕೂಡಿದರೂ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇದ್ದವರು ಯಾರು?
3. ಬಸುರಿನಲ್ಲಿ ಸಕ್ಕರೆ ಬಂದಿದ್ದು, ಆಮೇಲೆ ನೋಡಿಸದೇ ಬಿಟ್ಟವರು ಇದ್ದಾರೆಯೇ? ಅವರ ಜೊತೆ ಆರೋಗ್ಯ ಕೇಂದ್ರಕ್ಕೆ ಯಾರು ಹೋಗುತ್ತೀರಿ?
4. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು?

ನಿರ್ಣಯ: ಮುಂದಿನ ಸಭೆಯೊಳಗೆ ಮೂವತ್ತು ದಾಟಿದ ಎಲ್ಲ ಸದಸ್ಯರ ರಕ್ತ ಪರೀಕ್ಷೆ ಆಗಬೇಕು. ಉಳಿತಾಯದ ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಎತ್ತರ, ಹೊಟ್ಟೆಯ ಅಳತೆ, ಸಕ್ಕರೆಯ ಅಂಕಿ ಬರೆದಿಡಿರಿ. ಅಂಕಿ ಹೇಳಲು ಇಷ್ಟವಿಲ್ಲದವರ ಮುಂದೆ "ಆಯಿತು" ಎಂದಷ್ಟೇ ಬರೆದರೆ ಸಾಕು.

ಬೆರಳು ಕಳೆದುಕೊಂಡ ಆ ಅಕ್ಕ ಈಗಲೂ ಸಂಘಕ್ಕೆ ಬರುತ್ತಾಳೆ. ಕಾಲಿಗೆ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಇನ್ಸುಲಿನ್ ತೆಗೆದುಕೊಂಡು, ಕಂಡಿಕೆ ಸುತ್ತುತ್ತಾಳೆ. ಈಗ ಪರೀಕ್ಷೆ ಇಟ್ಟಾಗ ಸಾಲಿನಲ್ಲಿ ನಿಲ್ಲಿಸುವವಳು ಅವಳೇ. ದಪ್ಪ ಯಾರು, ತೆಳ್ಳಗೆ ಯಾರು ಎಂದು ಅವಳು ನೋಡುವುದಿಲ್ಲ. "ಬಂದವರದೆಲ್ಲಾ ನೋಡ್ರಿ ಸಿಸ್ಟರ್" ಅನ್ನುತ್ತಾಳೆ. ನಾವು ನೋಡುತ್ತೇವೆ.